ಮರುಕಳಿಸುವ ಸಿ. ಡಿಫ್‌ನಿಂದ ಮಲ ಕಸಿಯವರೆಗೆ: ನಾನು ದಾಟಿ ಬಂದ ದಾರಿ

ಮಲ ಕಸಿ, ಅಂದರೆ ಆರೋಗ್ಯವಂತ ದಾನಿಯ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ, ಮಾಡಿಸಿಕೊಂಡು ಎಂಟು ವಾರ ದಾಟಿದೆ. ಕರುಳಿನಲ್ಲಿ ಬೆಳೆದು ಭೇದಿ ತರುವ ಸಿ. ಡಿಫ್ ಎಂಬ ಬ್ಯಾಕ್ಟೀರಿಯಾದ ಸೋಂಕು ಮತ್ತೆ ತಲೆ ಎತ್ತುವುದಿದ್ದರೆ ಬಹುಪಾಲು ಈ ಅವಧಿಯೊಳಗೇ ಎತ್ತುತ್ತದೆ. ಹಾಗಾಗಿ ಸಂಶೋಧಕರೂ ವೈದ್ಯರೂ ಎಂಟು ವಾರವನ್ನೇ ಗಡುವೆಂದು ಇಟ್ಟುಕೊಂಡಿದ್ದಾರೆ. ಈ ಕಾಯಿಲೆ ಬಂದವರು ಅದರ ಬಗ್ಗೆ ಮಾತಾಡುವುದಿಲ್ಲ, ಏಕೆಂದರೆ ಮಾತೆಲ್ಲ ಭೇದಿ, ಮಲ, ಶೌಚಾಲಯದ ಸುತ್ತಲೇ ಸುತ್ತಬೇಕಾಗುತ್ತದೆ. ನಾನೂ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಈಗ ಮುಜುಗರ ಬದಿಗಿಟ್ಟು ಎಲ್ಲವನ್ನೂ ಬರೆಯುತ್ತಿದ್ದೇನೆ. ಎರಡನೆಯ ಸಲವೋ ಮೂರನೆಯ ಸಲವೋ ಅದೇ ಭೇದಿ ಶುರುವಾಗಿ ದಿಕ್ಕು ತೋಚದೆ ಕುಳಿತವರಿಗೆ ಮುಂದೇನು ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ.

ನನಗೆ ಇದು ಶುರುವಾದದ್ದು ಹಲ್ಲಿನಿಂದ. ಹಲ್ಲಿನ ಬೇರಿನಲ್ಲಿ ಕೀವು ತುಂಬಿದ್ದರಿಂದ ಕ್ಲಿಂಡಾಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟಿದ್ದರು. ಹಲ್ಲು ನೋವು ಹೋಯಿತು. ಮಾತ್ರೆ ಮುಗಿದು ಕೆಲವು ದಿನಗಳಲ್ಲಿ ನೀರಿನಂಥ ಭೇದಿ, ಹೊಟ್ಟೆಯ ಕೆಳಭಾಗದಲ್ಲಿ ನುಲಿಯುವ ನೋವು, ಸಣ್ಣ ಜ್ವರ. ಮೊದಲು ನೋಡಿದ ವೈದ್ಯರು ಆಹಾರದ ದೋಷವಿರಬೇಕೆಂದು ಭೇದಿ ನಿಲ್ಲಿಸುವ ಮಾತ್ರೆ ಬರೆದರು. ಅದನ್ನು ನುಂಗುವ ಮುಂಚೆ ನನ್ನ ಪತಿ ಇನ್ನೊಬ್ಬ ವೈದ್ಯರಿಗೆ ಫೋನ್ ಮಾಡಿ ಕೇಳಿದ್ದು ಒಳ್ಳೆಯದಾಯಿತು. ಅವರು ಕೇಳಿದ ಮೊದಲ ಪ್ರಶ್ನೆ, 'ಇತ್ತೀಚೆಗೆ ಯಾವುದಾದರೂ ಆಂಟಿಬಯೋಟಿಕ್ ತೆಗೆದುಕೊಂಡಿದ್ದಾರಾ?' ಎಂಬುದು. ಹೌದೆಂದ ಕೂಡಲೇ ಮಲ ಪರೀಕ್ಷೆ ಮಾಡಿಸಲು ಹೇಳಿದರು. ಆಂಟಿಬಯೋಟಿಕ್ ಮುಗಿದ ಬೆನ್ನಿಗೆ ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರು ಭೇದಿಯಾದರೆ ಈ ಪ್ರಶ್ನೆಯನ್ನು ವೈದ್ಯರು ಕೇಳದಿದ್ದರೂ ನೀವೇ ಎತ್ತಿ.

ಪರೀಕ್ಷೆಯ ವರದಿ ಓದಲು ನನಗೆ ತಿಳಿಯಲಿಲ್ಲ, ನಿಮಗೂ ಗೊಂದಲವಾಗಬಹುದು. ಅದರಲ್ಲಿ ಸಾಮಾನ್ಯವಾಗಿ ಎರಡು ಮೂರು ಸಾಲುಗಳಿರುತ್ತವೆ. ಜಿಡಿಎಚ್ ಎಂಬುದು ಸಿ. ಡಿಫ್ ಬ್ಯಾಕ್ಟೀರಿಯಾ ಕರುಳಿನಲ್ಲಿ ಇದೆಯೇ ಎಂದು ಹೇಳುತ್ತದೆ. ಟಾಕ್ಸಿನ್ ಎಂಬ ಸಾಲು ಅದು ವಿಷ ಉತ್ಪಾದಿಸುತ್ತಿದೆಯೇ ಎಂದು ಹೇಳುತ್ತದೆ. ಪಿಸಿಆರ್ ಎಂಬ ಸಾಲು ಪಾಸಿಟಿವ್ ಇದ್ದರೆ, ವಿಷ ಉತ್ಪಾದಿಸುವ ವಂಶವಾಹಿ ಇದೆ ಎಂದಷ್ಟೇ ಅರ್ಥ. ವಂಶವಾಹಿ ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಎನ್ನಲಾಗದು, ಏಕೆಂದರೆ ಏನೂ ತೊಂದರೆಯಿಲ್ಲದೆ ಈ ಬ್ಯಾಕ್ಟೀರಿಯಾವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವವರೂ ಇದ್ದಾರೆ. ನನ್ನ ವರದಿಯಲ್ಲಿ ಟಾಕ್ಸಿನ್ ಸಾಲಿನ ಮುಂದೆ ಪಾಸಿಟಿವ್ ಎಂದಿತ್ತು. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡೆ. ಮುಂದೆ ಅದೇ ನನ್ನನ್ನು ಕಾಪಾಡಿತು, ಆ ವಿಷಯಕ್ಕೆ ಬರುತ್ತೇನೆ.

ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬುದು ಸಿ. ಡಿಫ್ ಬ್ಯಾಕ್ಟೀರಿಯಾದ ಪೂರ್ತಿ ಹೆಸರು. 1935ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಆರೋಗ್ಯವಂತ ನವಜಾತ ಶಿಶುಗಳ ಮಲದಲ್ಲಿ. ಆಂಟಿಬಯೋಟಿಕ್ ತೆಗೆದುಕೊಂಡವರ ದೊಡ್ಡ ಕರುಳು ಉರಿಯುವುದಕ್ಕೆ ಇದೇ ಕಾರಣ ಎಂದು ಗೊತ್ತಾದದ್ದು 1978ರಲ್ಲಿ. ಇದರ ನಿಜವಾದ ಶಕ್ತಿ ಇರುವುದು ಬೀಜಾಣುಗಳಲ್ಲಿ. ಬ್ಯಾಕ್ಟೀರಿಯಾವನ್ನು ಔಷಧಿ ಕೊಲ್ಲುತ್ತದೆ, ಬೀಜಾಣುಗಳು ಗಟ್ಟಿ ಕವಚ ಹೊದ್ದು ಸುಮ್ಮನೆ ಬಿದ್ದಿರುತ್ತವೆ. ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ಅವುಗಳನ್ನು ಏನೂ ಮಾಡುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು, ಶೌಚಾಲಯವನ್ನು ಬ್ಲೀಚ್ ಹಾಕಿ ಒರೆಸಬೇಕು. ಮನೆಯ ಮೂಲೆಮೂಲೆಯಲ್ಲಿ ಇಟ್ಟಿದ್ದ ಸ್ಯಾನಿಟೈಸರ್ ಬಾಟಲಿಗಳನ್ನೇ ನಂಬಿಕೊಂಡಿದ್ದ ನಮಗೆ ಇದು ದೊಡ್ಡ ಆಘಾತ.

ಮೊದಲ ಚಿಕಿತ್ಸೆ ವ್ಯಾಂಕೊಮೈಸಿನ್, 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, ಹತ್ತು ದಿನ. ಕ್ಯಾಪ್ಸೂಲ್ ಸಿಗಲಿಲ್ಲ. ಔಷಧಿ ಅಂಗಡಿಯವರು ಇಂಜೆಕ್ಷನ್ ಬಾಟಲಿ ಕೈಗಿಟ್ಟಾಗ ನಾನು ಗಾಬರಿಯಾದೆ. ವೈದ್ಯರನ್ನು ಕೇಳಿದರೆ, ಅದೇ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಯುವುದು ಎಲ್ಲ ಕಡೆ ನಡೆದು ಬಂದ ಪದ್ಧತಿ ಎಂದರು. ರಕ್ತನಾಳಕ್ಕೆ ಚುಚ್ಚಿದರೆ ಈ ಔಷಧಿ ಕರುಳಿನ ಒಳಗನ್ನು ಮುಟ್ಟುವುದೇ ಇಲ್ಲ. ಬಾಯಿಂದ ಕುಡಿದರೆ ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿಯುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಎಷ್ಟು ನೀರಿಗೆ ಎಷ್ಟು ಪುಡಿ, ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು ಎಂಬುದನ್ನು ಫಾರ್ಮಸಿಸ್ಟ್ ಕೈಯಲ್ಲೇ ಬರೆಸಿಕೊಳ್ಳಿ. ರುಚಿ ಬಲು ಕಹಿ. ಆದರೆ ಮೂರು ದಿನದಲ್ಲಿ ಭೇದಿ ಹಿಡಿತಕ್ಕೆ ಬಂತು, ಮುಖದಲ್ಲಿ ಕಳೆ ಬಂತು. ಮುಗಿಯಿತು ಎಂದುಕೊಂಡೆವು.

ಔಷಧಿ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಒಂದು ನಡುರಾತ್ರಿ ಹೊಟ್ಟೆ ಮತ್ತೆ ನುಲಿಯಿತು. ಆ ನೋವಿನ ಗುರುತು ಒಮ್ಮೆ ಸಿಕ್ಕವರಿಗೆ ಇನ್ನೊಮ್ಮೆ ಹೇಳಿಕೊಡಬೇಕಿಲ್ಲ. ಮೊದಲ ಸೋಂಕಿನ ನಂತರ ಐದಾರು ಮಂದಿಯಲ್ಲಿ ಒಬ್ಬರಿಗಾದರೂ ಇದು ಮರಳುತ್ತದೆ, ಒಮ್ಮೆ ಮರಳಿದ ಮೇಲೆ ಮತ್ತೆ ಮರಳುವ ಸಾಧ್ಯತೆ ಇನ್ನೂ ಏರುತ್ತಾ ಹೋಗುತ್ತದೆ ಎಂಬುದು ಆಗಷ್ಟೇ ನನಗೆ ತಿಳಿದದ್ದು. ಎರಡನೆಯ ಸಲ ಫಿಡಾಕ್ಸೊಮೈಸಿನ್ ಕೊಟ್ಟರು. ಇದು ಸಿ. ಡಿಫ್‌ಗೆ ಗುರಿಯಿಟ್ಟು ಹೊಡೆಯುತ್ತದೆ, ಉಳಿದ ಬ್ಯಾಕ್ಟೀರಿಯಾಗಳಿಗೆ ವ್ಯಾಂಕೊಮೈಸಿನ್‌ನಷ್ಟು ಹಾನಿ ಮಾಡುವುದಿಲ್ಲ, ಆದ್ದರಿಂದ ಮರುಕಳಿಕೆ ಕಡಿಮೆ. ಬೆಲೆ ಮಾತ್ರ ಬಹಳ ಹೆಚ್ಚು. ಎಲ್ಲ ಅಂಗಡಿಗಳಲ್ಲೂ ಇರುವುದಿಲ್ಲ, ತರಿಸಿಕೊಡಲು ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ವ್ಯಾಂಕೊಮೈಸಿನ್ ಮೇಲೇ ಇರಬೇಕಾಯಿತು. ಅದೂ ಮುಗಿದು, ಮತ್ತೆ ಭೇದಿ. ಮೂರನೆಯ ಸಲ ವ್ಯಾಂಕೊಮೈಸಿನ್ ಅನ್ನೇ ವಾರಗಟ್ಟಲೆ ಎಳೆದು, ದಿನಕ್ಕೆ ನಾಲ್ಕರಿಂದ ಎರಡಕ್ಕೆ, ಒಂದಕ್ಕೆ, ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸುತ್ತಾ ಬರುವ ಕ್ರಮ.

ಈ ತಿಂಗಳುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ದೇಹ ಬಳಲುತ್ತದೆ, ತೂಕ ಇಳಿಯುತ್ತದೆ, ಅದು ನಿಜ. ಅದಕ್ಕಿಂತ ಹೆಚ್ಚು ಕಾಡಿದ್ದು ನಾನು ಮುಟ್ಟಿದ್ದೆಲ್ಲ ಇತರರಿಗೆ ಅಪಾಯ ಎಂಬ ಭಾವನೆ. ಅಕ್ಕನ ಪುಟ್ಟ ಮಗು ಕೈ ಚಾಚಿದರೆ ಎತ್ತಿಕೊಳ್ಳದೆ ಹಿಂದೆ ಸರಿಯುತ್ತಿದ್ದೆ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಶೌಚಾಲಯ ಎಲ್ಲಿದೆ ಎಂದು ಕಣ್ಣು ಹುಡುಕುತ್ತಿತ್ತು. ಕಚೇರಿಗೆ ರಜೆ ಕೇಳುವಾಗ ಕಾರಣ ಹೇಳಲಾಗದೆ 'ಹೊಟ್ಟೆ ಸರಿಯಿಲ್ಲ' ಎಂದಷ್ಟೇ ಬರೆಯುತ್ತಿದ್ದೆ. ಹೊಟ್ಟೆ ಸರಿಯಿಲ್ಲದವರು ಎರಡು ದಿನದಲ್ಲಿ ಬರಬೇಕಲ್ಲವೇ? ಕೊನೆಗೆ ವೈದ್ಯರಿಂದ 'ದೊಡ್ಡ ಕರುಳಿನ ತೀವ್ರ ಸೋಂಕು, ದೀರ್ಘ ಚಿಕಿತ್ಸೆ ಅಗತ್ಯ' ಎಂದು ಪ್ರಮಾಣಪತ್ರ ಬರೆಸಿಕೊಂಡೆ. ಇದನ್ನು ಶುರುವಿನಲ್ಲೇ ಬರೆಸಿಕೊಳ್ಳಬಹುದು.

ಗ್ಯಾಸ್ಟ್ರೋಎಂಟರಾಲಜಿಸ್ಟ್ (ಜಠರ ಮತ್ತು ಕರುಳಿನ ತಜ್ಞರು) ಒಬ್ಬರನ್ನು ಕಂಡದ್ದು ಆಗ. ಅವರು ನನ್ನ ವರದಿಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಪ್ರತಿಯೊಂದರ ಟಾಕ್ಸಿನ್ ಸಾಲಿನ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಆಮೇಲೆ ಹೇಳಿದರು: 'ನೋಡಿ, ಔಷಧಿ ಪ್ರತಿ ಸಲವೂ ಕೆಲಸ ಮಾಡಿದೆ. ಕಳ್ಳನನ್ನು ಪ್ರತಿ ಸಲವೂ ಓಡಿಸಿದ್ದೇವೆ, ಆದರೆ ಮನೆಯಲ್ಲಿ ಕಾವಲಿಗೆ ಯಾರನ್ನೂ ಉಳಿಸಿಲ್ಲ.' ಇಷ್ಟು ದಿನ ನನಗೆ ಅರ್ಥವಾಗದೇ ಇದ್ದದ್ದು ಇದೇ. ಕಾಯಿಲೆಯ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅರ್ಧ ಚಿಕಿತ್ಸೆ. ಕರುಳಿನ ಸಹಜ ನಿವಾಸಿಗಳನ್ನು ಮರಳಿ ತರುವುದು ಉಳಿದರ್ಧ.

ಅದರ ಹಿಂದಿನ ವಿಜ್ಞಾನವನ್ನು ಅವರು ಬಿಡಿಸಿ ಹೇಳಿದರು. ನಮ್ಮ ಯಕೃತ್ತು ಪಿತ್ತಾಮ್ಲಗಳನ್ನು ಸ್ರವಿಸುತ್ತದೆ. ಅವುಗಳ ಮೂಲ ರೂಪವೊಂದು ಸಿ. ಡಿಫ್ ಬೀಜಾಣುಗಳನ್ನು ಎಬ್ಬಿಸಿ ಮೊಳೆಯುವಂತೆ ಮಾಡುತ್ತದೆ. ಆರೋಗ್ಯವಂತ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಆ ಆಮ್ಲಗಳನ್ನು ಬೇರೆ ರೂಪಕ್ಕೆ ಬದಲಿಸುತ್ತವೆ, ಆ ಬದಲಾದ ರೂಪ ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಆಂಟಿಬಯೋಟಿಕ್ ಈ ಕೆಲಸಗಾರರನ್ನೇ ಅಳಿಸಿಹಾಕಿದರೆ, ಬೀಜಾಣುಗಳಿಗೆ ಏಳು ಎಂಬ ಸಂದೇಶ ಮಾತ್ರ ಉಳಿಯುತ್ತದೆ, ಬೇಡ ಎನ್ನುವ ಸಂದೇಶ ಇರುವುದಿಲ್ಲ. ವ್ಯಾಂಕೊಮೈಸಿನ್ ಕೂಡ ಆಂಟಿಬಯೋಟಿಕ್ಕೇ. ಅದು ಸೋಂಕನ್ನು ಇಳಿಸುತ್ತಲೇ ಮುಂದಿನ ಸೋಂಕಿಗೂ ಜಾಗ ಮಾಡಿಕೊಡುತ್ತಿತ್ತು.

ಮಲ ಕಸಿ ಎಂದಾಗ ನನ್ನ ಪತಿಯ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು. ವೈದ್ಯರಿಗೆ ಇದು ಹೊಸದಲ್ಲ. ನಾಲ್ಕನೆಯ ಶತಮಾನದ ಚೀನಾದಲ್ಲಿ ಗೆ ಹಾಂಗ್ ಎಂಬ ವೈದ್ಯ ತೀವ್ರ ಭೇದಿಗೆ ಮಲದ ದ್ರಾವಣ ಕುಡಿಸಿದ್ದನ್ನೂ, 1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಶಸ್ತ್ರವೈದ್ಯರು ಕರುಳಿನ ಉರಿಯೂತದಿಂದ ಸಾವಿನ ಅಂಚಿಗೆ ಹೋಗಿದ್ದ ನಾಲ್ವರಿಗೆ ಇದನ್ನು ಎನಿಮಾ ಮೂಲಕ ಕೊಟ್ಟು ಉಳಿಸಿದ್ದನ್ನೂ ಹೇಳಿದರು. ನನ್ನ ಮನಸ್ಸು ಒಪ್ಪಿದ್ದು 2013ರಲ್ಲಿ ಪ್ರಕಟವಾದ ನೆದರ್ಲ್ಯಾಂಡ್ಸ್‌ನ ಪ್ರಯೋಗದ ಅಂಕಿಗಳನ್ನು ಕೇಳಿದ ಮೇಲೆ. ಮಲ ಕಸಿ ಪಡೆದ 16 ಮಂದಿಯಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು, ಎರಡನೆಯದನ್ನೂ ಸೇರಿಸಿದರೆ 15 ಮಂದಿ. ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು 4. ವ್ಯತ್ಯಾಸ ಅಷ್ಟು ದೊಡ್ಡದಾಗಿದ್ದರಿಂದ ಪ್ರಯೋಗವನ್ನೇ ನಡುವೆ ನಿಲ್ಲಿಸಿದರು.

ಈಗ ಹಲವು ದಾರಿಗಳಿವೆ. ಕೊಲನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆಯನ್ನು ದೊಡ್ಡ ಕರುಳಿಗೆ ಬಿಡುವುದು) ಮೂಲಕ, ಎನಿಮಾ ಮೂಲಕ, ಇಲ್ಲವೇ ಕ್ಯಾಪ್ಸೂಲ್ ಮೂಲಕ ಕೊಡುತ್ತಾರೆ. ಅಮೆರಿಕದಲ್ಲಿ ನವೆಂಬರ್ 2022ರಲ್ಲಿ ರೆಬಯೋಟ ಎಂಬ ಉತ್ಪನ್ನಕ್ಕೆ ಅನುಮತಿ ಸಿಕ್ಕಿತು, ಅದು ಗುದದ್ವಾರದ ಮೂಲಕ ಒಂದೇ ಸಲ ಕೊಡುವ 150 ಮಿಲಿಲೀಟರ್ ದ್ರಾವಣ. ಏಪ್ರಿಲ್ 2023ರಲ್ಲಿ ವೌಸ್ಟ್ ಎಂಬ ಕ್ಯಾಪ್ಸೂಲ್ ಬಂತು, ದಿನಕ್ಕೆ ನಾಲ್ಕರಂತೆ ಸತತ ಮೂರು ದಿನ ನುಂಗುವುದು. ಅದರ ಪ್ರಯೋಗದಲ್ಲಿ ಎಂಟು ವಾರದೊಳಗೆ ಮರುಕಳಿಕೆ ಸುಮಾರು ಶೇಕಡಾ 12, ಹೋಲಿಕೆಗೆಂದು ಔಷಧಿಯಿಲ್ಲದ ಕ್ಯಾಪ್ಸೂಲ್ ಪಡೆದವರಲ್ಲಿ ಶೇಕಡಾ 40. ಎರಡೂ ಉತ್ಪನ್ನಗಳು ಮರುಕಳಿಕೆ ತಡೆಯುವುದಕ್ಕೆ, ಆ ಹೊತ್ತಿಗೆ ಇರುವ ಸೋಂಕನ್ನು ಗುಣಪಡಿಸಲಿಕ್ಕಲ್ಲ. ಹಾಗಾಗಿ ಮೊದಲು ಆಂಟಿಬಯೋಟಿಕ್ ಪೂರ್ತಿ ಮುಗಿಸಲೇಬೇಕು. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಮಲ ಕಸಿಯನ್ನು ಶಿಫಾರಸು ಮಾಡಿದ್ದು, ಈ ಹಿಂದೆ ಎರಡು ಅಥವಾ ಹೆಚ್ಚು ಸಲ ಸೋಂಕು ದೃಢಪಟ್ಟಿದ್ದ ವಯಸ್ಕರಿಗೆ. 'ದೃಢಪಟ್ಟ' ಎಂಬುದನ್ನು ಗಮನಿಸಿ. ನನಗೆ ಸಿಕ್ಕ ದಾರಿ ಕೊಲನೋಸ್ಕೋಪಿಯದು.

ದಾನಿ ಯಾರು ಎಂಬ ಪ್ರಶ್ನೆ ಬಂದಾಗ ನನ್ನ ತಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. 'ಅಕ್ಕಾ, ರಕ್ತ ಕೊಡು ಎಂದರೆ ಕೊಡುತ್ತಿರಲಿಲ್ಲವೇ, ಇದೂ ಹಾಗೆಯೇ' ಎಂದ. ಅವನು ಕ್ರೀಡಾಪಟು, ಕಾಯಿಲೆ ಎಂದು ಮಲಗಿದವನಲ್ಲ. ಉದ್ದನೆಯ ಪ್ರಶ್ನಾವಳಿ ತುಂಬಿದ: ಇತ್ತೀಚಿನ ಪ್ರಯಾಣ, ಹಚ್ಚೆ, ಲೈಂಗಿಕ ಜೀವನ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದೆಯೇ, ಕಳೆದ ಕೆಲವು ತಿಂಗಳಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡಿದ್ದಾನೆಯೇ ಎಂಬವರೆಗೆ. ನಂತರ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ. ಮಲದಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ, ಪರಾವಲಂಬಿಗಳು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಹುಡುಕಾಟ. ಕೊನೆಯದರಲ್ಲಿ ಅವನು ತೇರ್ಗಡೆಯಾಗಲಿಲ್ಲ. ಇಎಸ್‌ಬಿಎಲ್ ಎಂಬ ಕಿಣ್ವ ಉತ್ಪಾದಿಸಿ ಹಲವು ಆಂಟಿಬಯೋಟಿಕ್‌ಗಳನ್ನು ನಿಷ್ಫಲಗೊಳಿಸುವ ಇ. ಕೋಲಿ ಬ್ಯಾಕ್ಟೀರಿಯಾ ಅವನ ಕರುಳಿನಲ್ಲಿತ್ತು. ಅವನಿಗೆ ಅದರಿಂದ ತೊಂದರೆಯಿಲ್ಲ, ಚಿಕಿತ್ಸೆಯೂ ಬೇಕಿಲ್ಲ, ಇಂಥವರು ಬಹಳಷ್ಟು ಮಂದಿ ಇರುತ್ತಾರೆ ಎಂದು ವೈದ್ಯರು ಎಷ್ಟು ಹೇಳಿದರೂ ಅವನು ಮಂಕಾಗಿಯೇ ಇದ್ದ. ಮನೆಯವರನ್ನು ದಾನಿಯಾಗಿ ಕರೆದೊಯ್ಯುವವರು ಈ ಸಾಧ್ಯತೆಯನ್ನು ಅವರಿಗೆ ಮೊದಲೇ ಹೇಳಿಡಿ. ಮುಂದೆ ಬಂದವರಲ್ಲಿ ಬಹುತೇಕರು ತೇರ್ಗಡೆಯಾಗುವುದಿಲ್ಲ. ಪರೀಕ್ಷೆಯ ಖರ್ಚೂ ಮರಳಿ ಬರುವುದಿಲ್ಲ.

ಈ ಕಟ್ಟುನಿಟ್ಟು ಅತಿಯಾಯಿತೇ ಎಂದು ನನಗೆ ಅನ್ನಿಸಿತ್ತು. ಒಪ್ಪಿಗೆ ಪತ್ರ ಓದಿದ ಮೇಲೆ ಆ ಭಾವನೆ ಹೋಯಿತು. ಔಷಧಿಗೆ ಬಗ್ಗದ ಇ. ಕೋಲಿ ಇದ್ದ ಮಲವನ್ನು ಪಡೆದು, ರೋಗನಿರೋಧಕ ಶಕ್ತಿ ಕುಂದಿದ್ದ ರೋಗಿಯೊಬ್ಬರು ಮೃತಪಟ್ಟಿದ್ದರ ಬಗ್ಗೆ 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತ್ತು. ನನ್ನ ತಮ್ಮನಲ್ಲಿ ಕಂಡ ಬಗೆಯ ಬ್ಯಾಕ್ಟೀರಿಯಾವೇ ಅದು. ಇದನ್ನು ಓದುವ ಯಾರೂ ಪರೀಕ್ಷೆಯಿಲ್ಲದೆ ಮನೆಯಲ್ಲೇ ಇದನ್ನು ಮಾಡಿಕೊಳ್ಳಲು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕೊನೆಗೆ ನನಗೆ ಬಂದದ್ದು ಅಪರಿಚಿತ ದಾನಿಯ, ಮಲ ಬ್ಯಾಂಕಿನಲ್ಲಿ ಶೈತ್ಯೀಕರಿಸಿ ಇಟ್ಟಿದ್ದ ಮಾದರಿ. ದಾನ ಮಾಡುವ ಅವಧಿಯ ಮೊದಲೂ ನಂತರವೂ ದಾನಿಯನ್ನು ಪರೀಕ್ಷಿಸಿ, ಎರಡೂ ಫಲಿತಾಂಶ ಸರಿ ಬಂದ ಮೇಲಷ್ಟೇ ಹೊರಗೆ ಬಿಡುತ್ತಾರೆ. ನನಗೆ ಆಹಾರದ ಅಲರ್ಜಿ ಇದೆಯೇ ಎಂದು ಎರಡೆರಡು ಸಲ ಕೇಳಿದರು, ಏಕೆಂದರೆ ದಾನಿ ಏನು ತಿಂದಿರುತ್ತಾರೋ ಅದರ ಅಂಶ ಮಾದರಿಯಲ್ಲಿ ಇರಬಹುದು.

ವಿಮೆಯವರು ಮೊದಲು ಅರ್ಜಿ ತಿರಸ್ಕರಿಸಿದರು, 'ಪ್ರಾಯೋಗಿಕ ಚಿಕಿತ್ಸೆ' ಎಂಬ ಕಾರಣ ಕೊಟ್ಟು. ಮೇಲ್ಮನವಿಗೆ ವೈದ್ಯರ ಪತ್ರ, ಪ್ರತಿ ಸೋಂಕಿನ ತಾರೀಖುಳ್ಳ ಟಾಕ್ಸಿನ್ ವರದಿ, ಪ್ರತಿ ಔಷಧಿಯ ಚೀಟಿ ಮತ್ತು ರಸೀದಿ ಬೇಕಾದವು. ವೈದ್ಯರ ಪತ್ರದಲ್ಲಿ ಯಾವ ಔಷಧಿ, ಯಾವ ಪ್ರಮಾಣ, ಯಾವಾಗ ಮುಗಿಯಿತು, ಎಷ್ಟು ದಿನಕ್ಕೆ ಮರುಕಳಿಸಿತು ಎಂಬುದು ಸಾಲುಸಾಲಾಗಿ ಇರಬೇಕು. 'ರೋಗಿಗೆ ಪದೇ ಪದೇ ಭೇದಿ' ಎಂದು ಬರೆದ ಪತ್ರಕ್ಕೆ ಬೆಲೆಯಿಲ್ಲ. ಎರಡನೆಯ ಸೋಂಕಿನ ವರದಿ ನನ್ನ ಬಳಿ ಇರಲಿಲ್ಲ, ಪ್ರಯೋಗಾಲಯ ಅದನ್ನು ನೇರವಾಗಿ ವೈದ್ಯರಿಗೆ ಕಳಿಸಿತ್ತು, ಆ ವೈದ್ಯರು ಬೇರೆಡೆಗೆ ಹೋಗಿದ್ದರು. ಅದನ್ನು ಹೊರತೆಗೆಸಲು ಅಲೆದಾಡಿದ ದಣಿವು ಭೇದಿಯ ದಣಿವಿಗಿಂತ ಕಡಿಮೆಯೇನಿರಲಿಲ್ಲ. ಕೊನೆಗೆ ಕೊಲನೋಸ್ಕೋಪಿಯ ಖರ್ಚನ್ನು ಒಪ್ಪಿಕೊಂಡರು, ದಾನಿಯ ಮಾದರಿಯ ಖರ್ಚನ್ನು ಒಪ್ಪಲಿಲ್ಲ. ಬಿಲ್ಲಿನಲ್ಲಿ ಇವೆರಡನ್ನೂ ಬೇರೆ ಬೇರೆ ತೋರಿಸಲು ಆಸ್ಪತ್ರೆಗೆ ಮೊದಲೇ ಹೇಳಿ.

ಇಡೀ ಪ್ರಕ್ರಿಯೆಯಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸಿದ್ದು ಸಮಯದ ಲೆಕ್ಕ. ವ್ಯಾಂಕೊಮೈಸಿನ್ ನಿಂತ ಮೇಲೆ ಒಂದೆರಡು ದಿನ ಬಿಟ್ಟು ಕಸಿ ನಡೆಯಬೇಕು. ಬೇಗ ಕೊಟ್ಟರೆ ಕರುಳಿನಲ್ಲಿ ಉಳಿದ ಔಷಧಿ ಹೊಸ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ, ತಡವಾದರೆ ಸಿ. ಡಿಫ್ ಮೊದಲು ಏಳುತ್ತದೆ. ನಾನು ಔಷಧಿ ನಿಲ್ಲಿಸಿ, ಕರುಳು ತೊಳೆಯುವ ದ್ರಾವಣದ ಬಾಟಲಿ ತಂದಿಟ್ಟುಕೊಂಡಿದ್ದಾಗ ಆಸ್ಪತ್ರೆಯಿಂದ ಫೋನ್: ಕೊಲನೋಸ್ಕೋಪಿ ಯಂತ್ರ ಕೆಟ್ಟಿದೆ, ಮುಂದಿನ ವಾರ ಬನ್ನಿ. ಕರೆ ಮಾಡಿದವರಿಗೆ ಅದು ಬರೀ ದಿನಾಂಕದ ಬದಲಾವಣೆ. ನಾನು ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ. ನನ್ನ ಪತಿ ವೈದ್ಯರನ್ನು ಸಂಪರ್ಕಿಸಿದರು, ಅವರು ಅಂದು ಸಂಜೆಯಿಂದಲೇ ವ್ಯಾಂಕೊಮೈಸಿನ್ ಮರುಪ್ರಾರಂಭಿಸಲು ಹೇಳಿದರು. ಮನೆಯಲ್ಲಿ ಉಳಿಕೆ ಔಷಧಿ ಇದ್ದದ್ದರಿಂದ ಬಚಾವಾದೆವು. ಹಾಗಾಗಿ ಕಸಿಯ ದಿನ ನಿಗದಿಯಾದಾಗಲೇ, ಮುಂದೂಡಿದರೆ ಏನು ಮಾಡಬೇಕೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ, ಕೆಲವು ದಿನಕ್ಕಾಗುವಷ್ಟು ಔಷಧಿಯನ್ನು ಹೆಚ್ಚುವರಿಯಾಗಿ ತರಿಸಿಟ್ಟುಕೊಳ್ಳಿ.

ಕಸಿಯ ದಿನ, ಇಷ್ಟೆಲ್ಲ ಆದ ಮೇಲೆ, ತೀರಾ ಸುಲಭ. ನರ್ಸ್ ತಂದ ಪ್ಲಾಸ್ಟಿಕ್ ಚೀಲದ ಮೇಲೆ ದಾನಿಯ ಹೆಸರಿರಲಿಲ್ಲ, ಸಂಖ್ಯೆ ಮತ್ತು ತಾರೀಖು ಮಾತ್ರ. ಒಳಗೆ ಕಂದು ಬಣ್ಣದ ತೆಳು ದ್ರವ, ಅಂಚಿನಲ್ಲಿ ಇನ್ನೂ ಪೂರ್ತಿ ಕರಗದ ಮಂಜಿನ ಎಳೆ. ವಾಸನೆ ಏನೂ ಬರಲಿಲ್ಲ. ನರ್ಸ್ ಆ ಸಂಖ್ಯೆಯನ್ನು ನನ್ನ ಕಡತದಲ್ಲಿದ್ದ ಸಂಖ್ಯೆಯೊಂದಿಗೆ ಗಟ್ಟಿಯಾಗಿ ಓದಿ ತಾಳೆ ನೋಡಿದರು. ಮಂಪರಿನ ಔಷಧಿ ಕೊಟ್ಟರು. ಎಚ್ಚರವಾದಾಗ ಎಲ್ಲ ಮುಗಿದಿತ್ತು. ದ್ರವ ಒಳಗೇ ನಿಲ್ಲಲಿ ಎಂದು ಲೋಪೆರಮೈಡ್ ಎಂಬ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಕೆಲವು ಗಂಟೆ ಮಲಗಿಸಿದರು. ಸೋಂಕು ಇರುವಾಗ ಬೇಡವೆಂದಿದ್ದ ಮಾತ್ರೆ ಈಗ ಯಾಕೆ ಎಂದು ಕೇಳಿದೆ. ಆಗ ವಿಷ ಹೊರಗೆ ಹೋಗಬೇಕಿತ್ತು, ಈಗ ಬಂದವರು ಒಳಗೆ ನೆಲೆಸಬೇಕು ಎಂದರು.

ಮೊದಲ ವಾರ ಹೊಟ್ಟೆ ಉಬ್ಬರ, ವಾಯು, ಒಂದೆರಡು ದಿನ ಸಡಿಲ ಮಲ. ಪ್ರತಿ ಸಲವೂ ಎದೆ ಝಲ್ಲೆನ್ನುತ್ತಿತ್ತು. ಪರೀಕ್ಷೆ ಮಾಡಿಸೋಣವೆಂದು ಹಟ ಹಿಡಿದೆ. ವೈದ್ಯರು ಒಪ್ಪಲಿಲ್ಲ: 'ದಿನಕ್ಕೆ ಮೂರು ಸಲ ನೀರು ಭೇದಿಯಾದರೆ ಬನ್ನಿ. ಲಕ್ಷಣವಿಲ್ಲದೆ ಪಿಸಿಆರ್ ಮಾಡಿಸಿದರೆ ಪಾಸಿಟಿವ್ ಬರಬಹುದು, ನಾವಿಬ್ಬರೂ ಗಾಬರಿಯಾಗಿ ಮತ್ತೆ ಆಂಟಿಬಯೋಟಿಕ್ ಶುರು ಮಾಡಿ ಕಸಿಯನ್ನೇ ಹಾಳುಮಾಡುತ್ತೇವೆ.' ಗುಣವಾಗಿದೆಯೇ ಎಂದು ನೋಡಲು ಮಲ ಪರೀಕ್ಷೆ ಮಾಡಬಾರದೆಂಬುದು ಈ ಕಾಯಿಲೆಯಲ್ಲಿ ಎಲ್ಲರೂ ಒಪ್ಪಿದ ನಿಯಮ. ಸೋಂಕು ಹೋದ ಮೇಲೂ ಕರುಳು ಸೂಕ್ಷ್ಮವಾಗಿಯೇ ಉಳಿದು ತಿಂಗಳುಗಟ್ಟಲೆ ಕಾಡುವುದೂ ಉಂಟು. ನನಗೆ ಐದನೆಯ ವಾರದ ಹೊತ್ತಿಗೆ ಮಲ ಗಟ್ಟಿಯಾಯಿತು. ಅಕ್ಕನ ಮಗುವನ್ನು ಎತ್ತಿಕೊಂಡದ್ದೂ ಆಗಲೇ.

ಇನ್ನು ಮುಂದಿನದು. ಅನಗತ್ಯ ಆಂಟಿಬಯೋಟಿಕ್ ಮತ್ತೊಮ್ಮೆ ಬಾಗಿಲು ತೆರೆಯಬಲ್ಲದು. ಹಾಗೆಂದು ನಿಜವಾದ ಸೋಂಕಿಗೆ ಔಷಧಿ ಬೇಡವೆನ್ನುವುದೂ ಅಪಾಯ. ನನ್ನ ವೈದ್ಯರು ಒಂದು ಚೀಟಿ ಬರೆದುಕೊಟ್ಟಿದ್ದಾರೆ, ಅದನ್ನು ಮೊಬೈಲ್‌ನಲ್ಲೂ ಇಟ್ಟುಕೊಂಡಿದ್ದೇನೆ: 'ಮರುಕಳಿಸುವ ಸಿ. ಡಿಫ್, ಮಲ ಕಸಿ ಆಗಿದೆ. ಆಂಟಿಬಯೋಟಿಕ್ ಅನಿವಾರ್ಯವಾದರೆ ಕ್ಲಿಂಡಾಮೈಸಿನ್, ಫ್ಲೋರೋಕ್ವಿನೊಲೋನ್, ಸೆಫಲೋಸ್ಪೊರಿನ್ ಗುಂಪುಗಳನ್ನು ಸಾಧ್ಯವಾದಷ್ಟು ತಪ್ಪಿಸಿ, ನನ್ನನ್ನು ಸಂಪರ್ಕಿಸಿ.' ಅದೇ ಹಲ್ಲಿಗೆ ಬೇರುನಾಳದ ಚಿಕಿತ್ಸೆ ಬಾಕಿಯಿದೆ. ಮುಂದಿನ ವಾರ ಹೋಗುತ್ತಿದ್ದೇನೆ. ಚೀಟಿಯನ್ನು ಹಲ್ಲಿನ ವೈದ್ಯರಿಗೆ ಈಗಾಗಲೇ ಕಳಿಸಿದ್ದೇನೆ, ಆಂಟಿಬಯೋಟಿಕ್ ಇಲ್ಲದೆಯೇ ಮಾಡಬಹುದು ಎಂದು ಅವರು ಉತ್ತರ ಬರೆದಿದ್ದಾರೆ.